ಎಸ್ಪೊಸಿಟೊ ಅನ್ನೋ ಹೆಸರಿನವರೆಲ್ಲ ಒಂದೇ ಮನೆತನದವರಾ?

ಪ್ರಶ್ನೆ: ಹಾಲಿವುಡ್‌ನಲ್ಲಿ ಜಿಯಾನ್‌ಕಾರ್ಲೊ ಎಸ್ಪೊಸಿಟೊ ಇದ್ದಾರೆ. ಇಂಟರ್ ಮಿಲಾನ್‌ಗೆ ಆಡುವ ಹುಡುಗ ಪಿಯೊ ಎಸ್ಪೊಸಿಟೊ. ಅರ್ಜೆಂಟೀನಾದಲ್ಲಿ ಲಾಲಿ ಎಸ್ಪೊಸಿಟೊ ಅಂತ ದೊಡ್ಡ ಗಾಯಕಿ. ಹಳೇ ಐಸ್ ಹಾಕಿ ದಾಖಲೆಗಳನ್ನು ನೋಡಿದರೆ ಕೆನಡಾದಲ್ಲೂ ಇದೇ ಹೆಸರು. ಇವರೆಲ್ಲ ಒಂದೇ ವಂಶದವರಾ? ಇಷ್ಟು ದೇಶಗಳಿಗೆ ಹೇಗೆ ಹರಡಿದರು?

ಉತ್ತರ: ಒಂದೇ ವಂಶ ಅಲ್ಲವೇ ಅಲ್ಲ. ಇಬ್ಬರು ಎಸ್ಪೊಸಿಟೊಗಳು ಒಟ್ಟಿಗೆ ಸಿಕ್ಕರೆ ಅವರು ನೆಂಟರಲ್ಲ ಅಂತಲೇ ಮೊದಲು ಅಂದುಕೊಳ್ಳೋದು ಕ್ಷೇಮ. ಸಾಮಾನ್ಯವಾಗಿ ಅಡ್ಡಹೆಸರು ಅಂದರೆ ಒಬ್ಬ ಮೂಲಪುರುಷ, ಒಂದು ಊರು, ಇಲ್ಲವೇ ಒಂದು ಕಸುಬು. ಈ ಹೆಸರಿಗೆ ಅದ್ಯಾವುದೂ ಇಲ್ಲ. ಇದು ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ಲದ ಕೂಸುಗಳಿಗೆ ಇಟ್ಟ ಹೆಸರು. ಲ್ಯಾಟಿನ್‌ನಲ್ಲಿ 'ಹೊರಗೆ ಇಟ್ಟಿದ್ದು' ಅಂತ ಅರ್ಥ, ಅಷ್ಟೇ.

ಹೆಸರು ಹುಟ್ಟಿದ ಜಾಗವನ್ನು ಈಗಲೂ ಹೋಗಿ ನೋಡಬಹುದು. ದಕ್ಷಿಣ ಇಟಲಿಯ ನೇಪಲ್ಸ್ ಊರಿನ ಫೋರ್ಚೆಲ್ಲಾ ಅನ್ನೋ ಹಳೇ ಕೇರಿಯಲ್ಲಿ ಅನ್ನುನ್ಸಿಯಾತಾ ಅಂತ ಒಂದು ದೊಡ್ಡ ಚರ್ಚು, ಅದಕ್ಕೆ ಸೇರಿದ ಹಾಗೆ ಒಂದು ಆಸ್ಪತ್ರೆ ಇದೆ. 14ನೇ ಶತಮಾನದಲ್ಲಿ ಶುರುವಾದ ಧರ್ಮಸಂಸ್ಥೆ ಅದು. ಅದರ ಬೀದಿ ಕಡೆಯ ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಹಿಂದೆ ನಿಂತಲ್ಲೇ ತಿರುಗುವ, ಪೀಪಾಯಿಯಂಥ ಒಂದು ಮರದ ಉರುಳೆ. ಅದರ ಒಂದು ಮಗ್ಗುಲು ತೆರೆದಿರುತ್ತದೆ. ರಾತ್ರಿ ಹೊತ್ತು ಯಾರೋ ಬಂದು ಕೂಸನ್ನು ಆ ತೆರೆದ ಕಡೆ ಮಲಗಿಸಿ, ಉರುಳೆ ತಿರುಗಿಸಿ, ಗಂಟೆ ಎಳೆದು ಹೋಗುತ್ತಿದ್ದರು. ಒಳಗೆ ಪಾಳಿಯಲ್ಲಿ ಕೂತಿದ್ದ ಹೆಂಗಸು ಕೂಸನ್ನು ಎತ್ತಿಕೊಳ್ಳುತ್ತಿದ್ದಳು. ಬಿಟ್ಟವರ ಮುಖ ಎತ್ತಿಕೊಂಡವರಿಗೆ ಕಾಣದು, ಎತ್ತಿಕೊಂಡವರ ಮುಖ ಬಿಟ್ಟವರಿಗೆ ಕಾಣದು. ಆ ಏರ್ಪಾಡಿನ ಉದ್ದೇಶವೇ ಅದು. ಇಟಲಿಯವರು ಇದನ್ನು 'ರುವೋಟಾ' ಅಂತಾರೆ, ಅಂದರೆ ಚಕ್ರ. ಸ್ವಲ್ಪ ದೊಡ್ಡ ಮಕ್ಕಳನ್ನೂ ಮೈಗೆ ಎಣ್ಣೆ ಸವರಿ ಆ ಕಿಂಡಿಯಲ್ಲಿ ತುರುಕುತ್ತಿದ್ದರು ಅಂತ ನೇಪಲ್ಸ್‌ನಲ್ಲಿ ಒಂದು ಕಥೆ ಇದೆ. ಕಥೆಯೋ ನಿಜವೋ, ಕೇಳಿದರೆ ಕರುಳು ಚುರುಕ್ ಅನ್ನುತ್ತೆ.

ಒಳಗೆ ಹೋದ ಮೇಲೆ ಲೆಕ್ಕಪತ್ರ ಶುರು. ಕೂಸು ಎಷ್ಟು ಹೊತ್ತಿಗೆ ಬಂತು, ಸುಮಾರು ಎಷ್ಟು ವಯಸ್ಸು, ಮೈಮೇಲೆ ಎಂಥ ಬಟ್ಟೆ ಇತ್ತು, ಜೊತೆಗೆ ಏನಾದರೂ ಗುರುತು ಇಟ್ಟಿದ್ದರಾ, ಎಲ್ಲವನ್ನೂ ದಪ್ಪ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಕೊರಳಿಗೆ ಒಂದು ಸೀಸದ ಬಿಲ್ಲೆ ಹಾಕುತ್ತಿದ್ದರು. ಕೆಲವರು ಮಗುವಿನ ಜೊತೆ ಅರ್ಧ ಕತ್ತರಿಸಿದ ನಾಣ್ಯವನ್ನೋ ಪದಕದ ತುಂಡನ್ನೋ ಇಡುತ್ತಿದ್ದರು, ಇನ್ನರ್ಧ ತಾವು ಇಟ್ಟುಕೊಳ್ಳುತ್ತಿದ್ದರು. ಮುಂದೆ ಕಾಲ ಸರಿಹೋದರೆ ಅದನ್ನು ತೋರಿಸಿ ಮಗುವನ್ನು ವಾಪಸ್ ಕರೆದುಕೊಂಡು ಹೋಗೋಣ ಅಂತ. ಹಾಗೆ ವಾಪಸ್ ಬಂದವರು ಕಮ್ಮಿ. ಬಿಟ್ಟವರಲ್ಲಿ ಮದುವೆಯಾಗದ ಹುಡುಗಿಯರು ಮಾತ್ರ ಇರಲಿಲ್ಲ. ಬರ ಬಂದಾಗ, ಕೂಳಿಗೆ ತತ್ವಾರ ಆದಾಗ ಗಂಡ ಹೆಂಡತಿ ಕೂಡಿಯೇ ಐದನೇದೋ ಆರನೇದೋ ಕೂಸನ್ನು ಇಟ್ಟು ಹೋಗಿದ್ದೂ ಇದೆ. 'ಮಾನಕ್ಕೆ ಅಂಜಿ ಬಿಟ್ಟರು' ಅಂತ ಎಲ್ಲದಕ್ಕೂ ಒಂದೇ ಕಾರಣ ಹೇಳೋದು ನನಗೆ ಸರಿ ಕಾಣುವುದಿಲ್ಲ.

ಪುಸ್ತಕದಲ್ಲಿ ಮೊದಲ ಹೆಸರಿನ ಮುಂದೆ ಅಡ್ಡಹೆಸರಿನ ಜಾಗದಲ್ಲಿ 'ಎಸ್ಪೊಸಿಟೊ' ಅಂತ ಬಿತ್ತು. ನೇಪಲ್ಸ್ ಒಂದರಲ್ಲೇ ಅಲ್ಲ, ಆ ರಾಜ್ಯದ ಬೇರೆ ಊರುಗಳಲ್ಲೂ ಇಂಥ ಚಕ್ರಗಳಿದ್ದವು, ಅಲ್ಲೂ ಇದೇ ಹೆಸರು ಕೊಟ್ಟರು. ಅಂದರೆ ಹೀಗೆ ಬಂದ ಒಂದೊಂದು ಕೂಸೂ ಒಂದೊಂದು ಹೊಸ ವಂಶದ ಮೊದಲ ತಲೆ. ಒಂದೇ ರಾತ್ರಿ ಬಂದ ಎರಡು ಮಕ್ಕಳಿಗೂ ಒಂದೇ ಅಡ್ಡಹೆಸರು, ರಕ್ತಸಂಬಂಧ ಸೊನ್ನೆ. ಇದು ಶತಮಾನಗಳ ಕಾಲ ನಡೆಯಿತು. ಈಗ ನೇಪಲ್ಸ್‌ನಲ್ಲಿ ಅತಿ ಹೆಚ್ಚು ಸಿಗುವ ಅಡ್ಡಹೆಸರು ಇದೇ ಅಂದರೆ ಆಶ್ಚರ್ಯ ಏನಿದೆ ಹೇಳಿ.

ಇನ್ನು ಅದು ಊರ ಹೊರಗೆ ಹೇಗೆ ಹರಡಿತು? ಮೊದಲ ಕಾರಣ ಹಾಲು. ಅಷ್ಟು ಕೂಸುಗಳಿಗೆ ಆಸ್ಪತ್ರೆಯೊಳಗೆ ಹಾಲೂಡಿಸುವವರು ಸಾಲುತ್ತಿರಲಿಲ್ಲ. ಹಾಗಾಗಿ ಹಳ್ಳಿಗಳಲ್ಲಿ ಹಾಲು ಕೊಡಬಲ್ಲ ಹೆಂಗಸರಿಗೆ ದುಡ್ಡು ಕೊಟ್ಟು ಕೂಸುಗಳನ್ನು ಒಪ್ಪಿಸುತ್ತಿದ್ದರು. ತುಂಬಾ ಮಕ್ಕಳು ಸಾಯುತ್ತಿದ್ದವು, ಅದನ್ನು ಮುಚ್ಚಿಡೋದು ಬೇಡ. ಇಂಥ ಸಂಸ್ಥೆಗಳಲ್ಲಿ ಸಾವಿನ ಪ್ರಮಾಣ ಯುರೋಪಿನ ಎಲ್ಲಾ ಕಡೆ ಭಯಂಕರವಾಗಿತ್ತು. ಆದರೆ ಬದುಕಿದವರಲ್ಲಿ ಎಷ್ಟೋ ಜನ ಆ ಹಳ್ಳಿಯ ಮನೆಯಲ್ಲೇ ಉಳಿದರು, ಹೊಲದ ಕೆಲಸ ಕಲಿತರು, ಮದುವೆಯಾದರು. ಅನ್ನುನ್ಸಿಯಾತಾದಲ್ಲೇ ಬೆಳೆದ ಹುಡುಗಿಯರಿಗೆ ಸಂಸ್ಥೆಯೇ ವರದಕ್ಷಿಣೆ ಕೊಟ್ಟು ಮದುವೆ ಮಾಡಿಸುತ್ತಿತ್ತು. ಜನ ಅವರನ್ನು 'ಮಡೋನಾಳ ಮಕ್ಕಳು' ಅನ್ನುತ್ತಿದ್ದರು, ದೇವಮಾತೆಯ ಮಕ್ಕಳು ಅಂತ.

ಆದರೂ ಹೆಸರು ಕೇಳಿದ ಕೂಡಲೇ ಹುಟ್ಟಿನ ಗುಟ್ಟು ಬಯಲಾಗುತ್ತಿತ್ತಲ್ಲ. ನೆಪೋಲಿಯನ್‌ನ ತಂಗಿಯ ಗಂಡ ಜೋಆಕಿಮ್ ಮ್ಯೂರಾ 1808ರಿಂದ 1815ರವರೆಗೆ ನೇಪಲ್ಸ್‌ನ ರಾಜನಾಗಿದ್ದ. ಅವನ ಕಾಲದಲ್ಲಿ ಇನ್ನು ಮುಂದೆ ಯಾವ ಕೂಸಿಗೂ ಈ ಹೆಸರು ಇಡಕೂಡದು ಅಂತ ಆಜ್ಞೆ ಆಯಿತು. ಆಮೇಲೆ ಗುಮಾಸ್ತರು ಒಂದೊಂದು ಮಗುವಿಗೆ ಒಂದೊಂದು ಹೊಸ ಅಡ್ಡಹೆಸರು ಕಟ್ಟಬೇಕಾಯಿತು. ಆದರೆ ಆಗಲೇ ಇದ್ದ ಎಸ್ಪೊಸಿಟೊಗಳು ಹಾಗೇ ಮುಂದುವರಿದರು, ಅವರ ಮಕ್ಕಳು ಮೊಮ್ಮಕ್ಕಳೂ ಅದನ್ನೇ ಹೊತ್ತರು. ಹೀಗಾಗಿ ಇವತ್ತಿನ ಹೆಚ್ಚಿನ ಎಸ್ಪೊಸಿಟೊಗಳ ಮೂಲ ಕೂಸು ಇನ್ನೂರು ವರ್ಷಕ್ಕಿಂತ ಹಿಂದಿನದು. ಚಕ್ರ ಮಾತ್ರ ಅದಾದ ಮೇಲೂ ತಿರುಗುತ್ತಲೇ ಇತ್ತು, ಅದನ್ನು ಮುಚ್ಚಿದ್ದು 1875ರಲ್ಲಿ.

ಇಟಲಿಯ ಬೇರೆ ಊರುಗಳಲ್ಲಿ ಇದೇ ಕೆಲಸಕ್ಕೆ ಬೇರೆ ಹೆಸರು. ಫ್ಲಾರೆನ್ಸ್‌ನಲ್ಲಿ ಇನ್ನೊಚೆಂತಿ, ರೋಮ್ ಸುತ್ತಮುತ್ತ ಪ್ರೊಯೆತ್ತಿ, ಬೊಲೊನ್ಯಾದಲ್ಲಿ ದೆಲ್ಯಿ ಎಸ್ಪೋಸ್ತಿ. ಮಿಲಾನ್‌ನಲ್ಲಿ ಆಸ್ಪತ್ರೆಯ ಲಾಂಛನ ಪಾರಿವಾಳ ಆಗಿದ್ದರಿಂದ ಕೂಸುಗಳಿಗೆ ಕೊಲಂಬೊ. ಕೊಲಂಬೊ ಅನ್ನೋ ಹೆಸರು ಬೇರೆ ದಾರಿಯಿಂದಲೂ ಬಂದಿದೆ, ಹಾಗಾಗಿ ಕ್ರಿಸ್ಟೊಫರ್ ಕೊಲಂಬಸ್‌ನನ್ನು ಇದರಲ್ಲಿ ಎಳೆದು ತರಬೇಡಿ. ಆತ ಜಿನೋವಾದ ನೇಕಾರನ ಮಗ, ಅಪ್ಪ ಯಾರು ಅಂತ ಚೆನ್ನಾಗಿಯೇ ಗೊತ್ತು.

ಈಗ ಹಡಗಿನ ವಿಷಯ. 1876ರಿಂದ 1915ರೊಳಗೆ ಸುಮಾರು 1 ಕೋಟಿ 40 ಲಕ್ಷ ಇಟಾಲಿಯನ್ನರು ದೇಶ ಬಿಟ್ಟು ಹೊರಟರು. ಒಂದಷ್ಟು ಜನ ದುಡ್ಡು ಮಾಡಿಕೊಂಡು ವಾಪಸ್ಸೂ ಬಂದರು, ಅದು ಬೇರೆ ಮಾತು. ಯಾರು ಎಲ್ಲಿಗೆ ಹೋದರು ಅನ್ನೋದರಲ್ಲಿ ಒಂದು ಮಾದರಿ ಇದೆ. ಅರ್ಜೆಂಟೀನಾಕ್ಕೆ ಮೊದಮೊದಲು ಹೋದವರಲ್ಲಿ ಉತ್ತರ ಇಟಲಿಯವರು ಜಾಸ್ತಿ, ಲಿಗೂರಿಯಾ, ಪಿಯೆಮಾಂಟೆ, ಲೊಂಬಾರ್ದಿಯಾ ಕಡೆಯವರು. ಸ್ವಲ್ಪ ತಡವಾಗಿ 1929ರಲ್ಲಿ ಹೋಗಿದ್ದಾದರೂ ಪೋಪ್ ಫ್ರಾನ್ಸಿಸ್ ಅವರ ಬೆರ್ಗೋಲ್ಯೊ ಮನೆತನವೂ ಪಿಯೆಮಾಂಟೆಯದೇ. ಅಮೆರಿಕಕ್ಕೆ ಹೋದವರಲ್ಲಿ ದಕ್ಷಿಣದವರೇ ಹೆಚ್ಚು, ನೇಪಲ್ಸ್ ಬಂದರಿನಿಂದ ಹತ್ತಿದವರು. 1880ರಿಂದ 1920ರೊಳಗೆ ಅಮೆರಿಕದಲ್ಲಿ ಇಳಿದ ಇಟಾಲಿಯನ್ನರು 40 ಲಕ್ಷಕ್ಕೂ ಮೇಲೆ. ಅದಕ್ಕೇ ನ್ಯೂಯಾರ್ಕ್, ನ್ಯೂಜೆರ್ಸಿ, ಕನೆಟಿಕಟ್ ಕಡೆ ಎಸ್ಪೊಸಿಟೊ ಅನ್ನೋ ಬೋರ್ಡು ಬೇಕರಿ ಮೇಲೂ ಕಾಣುತ್ತೆ, ವಕೀಲರ ಬಾಗಿಲ ಮೇಲೂ ಕಾಣುತ್ತೆ. ಕನೆಟಿಕಟ್‌ನ ನ್ಯೂ ಹೇವನ್ ಊರಿನ ಇಟಾಲಿಯನ್ನರಲ್ಲಂತೂ ನೇಪಲ್ಸ್ ಪಕ್ಕದ ಅಮಾಲ್ಫಿ ತೀರದವರು ತುಂಬಾ ಇದ್ದಾರೆ.

ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಸುಮ್ನೆ ಬಾಯಿಗೆ ಬಂದ ಹಾಗೆ ಹೆಸರು ಬದಲಿಸಿದರು ಅಂತ ಒಂದು ಮಾತು ಚಾಲ್ತಿಯಲ್ಲಿದೆ, ಅಲ್ವಾ? ಅದು ಕಟ್ಟುಕಥೆ. ಅಲ್ಲಿನ ಗುಮಾಸ್ತರು ಹೊಸದಾಗಿ ಹೆಸರು ಬರೆಯುತ್ತಿರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ತಯಾರಾದ ಪಟ್ಟಿ ಕೈಯಲ್ಲಿ ಹಿಡಿದು ಒಬ್ಬೊಬ್ಬರನ್ನೇ ಕರೆದು ಟಿಕ್ ಹಾಕುತ್ತಿದ್ದರು. ಹೆಸರು ತಿದ್ದಿಕೊಂಡಿದ್ದು ಆಮೇಲೆ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ, ಪೌರತ್ವದ ಅರ್ಜಿಯಲ್ಲಿ, ಅದೂ ಬಹಳ ಸಲ ತಾವಾಗಿಯೇ. ಎಸ್ಪೊಸಿಟೊ ಅಷ್ಟೇನೂ ಕಷ್ಟದ ಹೆಸರಲ್ಲವಾದ್ದರಿಂದ ಹೆಚ್ಚು ಪೆಟ್ಟು ತಿನ್ನಲಿಲ್ಲ. ಉಚ್ಚಾರ ಮಾತ್ರ ಬದಲಾಯಿತು. ಇಟಲಿಯಲ್ಲಿ ಒತ್ತು 'ಪೋ' ಮೇಲೆ, ಅಮೆರಿಕದಲ್ಲಿ 'ಸೀ' ಎಳೆಯುತ್ತಾರೆ.

ಅರ್ಜೆಂಟೀನಾದ ಕಥೆ ಇನ್ನೂ ಸಿಕ್ಕುಸಿಕ್ಕು. ಅಲ್ಲಿ ಈ ಹೆಸರು ಮೂರು ಬಾಗಿಲಿನಿಂದ ಬಂದಿರಬಹುದು. ಒಂದು ನೇಪಲ್ಸ್. ಎರಡನೇದು ಸ್ಪೇನ್, ಯಾಕೆಂದರೆ ಅಲ್ಲೂ ಬಿಟ್ಟುಹೋದ ಕೂಸುಗಳಿಗೆ 'ಎಕ್ಸ್‌ಪೊಸಿತೊ' ಅಂತಲೇ ಕರೆಯುತ್ತಿದ್ದರು. ನೇಪಲ್ಸ್ ಇನ್ನೂರು ವರ್ಷ ಸ್ಪೇನಿನ ಕೈಯಲ್ಲಿತ್ತು ಅನ್ನೋದನ್ನೂ ನೆನಪಿಟ್ಟುಕೊಳ್ಳಿ. ಸ್ಪೇನಿನ ರಾಜ ನಾಲ್ಕನೇ ಕಾರ್ಲೊಸ್ 1794ರಲ್ಲಿ ಇಂಥ ಮಕ್ಕಳನ್ನು ಸಕ್ರಮ ಅಂತಲೇ ಎಣಿಸಬೇಕು, ಆ ಮಾತನ್ನು ಬೈಗುಳದ ಹಾಗೆ ಬಳಸಿದವರಿಗೆ ಶಿಕ್ಷೆ ಆಗಬೇಕು ಅಂತ ಆಜ್ಞೆ ಹೊರಡಿಸಿದ. ಬೈಗುಳ ಎಷ್ಟು ಮಾಮೂಲಾಗಿತ್ತು ಅಂತ ಇದರಿಂದಲೇ ಗೊತ್ತಾಗುತ್ತೆ.

ಮೂರನೇದು ಅರ್ಜೆಂಟೀನಾದ ರಾಜಧಾನಿ ಬ್ವೇನಸ್ ಐರಿಸ್ ಊರೇ, ಆಗ ಅದು ಸ್ಪೇನಿನ ಆಳ್ವಿಕೆಯಲ್ಲಿತ್ತು. 1779ರಲ್ಲಿ ಅಲ್ಲಿನ ವೈಸ್‌ರಾಯ್ ವೆರ್ತಿಸ್ ಇಂಥದೇ ಒಂದು ಮನೆ ತೆರೆಸಿದ, ಅಲ್ಲೂ ಗೋಡೆಯಲ್ಲಿ ತಿರುಗುವ ಉರುಳೆ. ನಡೆಸೋಕೆ ದುಡ್ಡು ಬೇಕಲ್ಲ? ಜೆಸ್ಯೂಟ್ ಪಾದ್ರಿಗಳನ್ನು ದೇಶದಿಂದ ಓಡಿಸಿದ ಮೇಲೆ ಕೊರ್ದೊಬಾದಲ್ಲಿ ಅವರ ಅಚ್ಚಿನ ಯಂತ್ರ ಸುಮ್ಮನೆ ಬಿದ್ದಿತ್ತು. ಅದನ್ನು ತರಿಸಿ, ಮುದ್ರಣಾಲಯ ಮಾಡಿ, ಬಂದ ಆದಾಯವನ್ನು ಮಕ್ಕಳ ಮನೆಗೆ ಬಿಟ್ಟರು. ಆ ಊರಿನ ಮೊದಲ ಪತ್ರಿಕೆ 1801ರಲ್ಲಿ ಅಚ್ಚಾಗಿದ್ದು ಅನಾಥ ಮಕ್ಕಳ ಹೆಸರಿನ ಆ ಮುದ್ರಣಾಲಯದಲ್ಲೇ. ಈ ಸಂಗತಿ ಓದಿದಾಗ ನನಗೆ ಇಡೀ ಅಡ್ಡಹೆಸರಿನ ಕಥೆಗಿಂತ ಇದೇ ಜಾಸ್ತಿ ಇಷ್ಟವಾಯಿತು. ಆ ಮಕ್ಕಳ ಮನೆ ಈಗ ದೊಡ್ಡ ಮಕ್ಕಳ ಆಸ್ಪತ್ರೆಯಾಗಿದೆ. ಟ್ಯಾಂಗೊ ಹಾಡುಗಳ ಕವಿ ಹೊಮೆರೊ ಎಕ್ಸ್‌ಪೊಸಿತೊ ಅವರ ಹೆಸರು ಇದೇ ಬಗೆಯದು. ಅವರ ತಂದೆ ಅನಾಥರ ಮನೆಯಲ್ಲಿ ಬೆಳೆದವರು. ಆದ್ದರಿಂದ ಅರ್ಜೆಂಟೀನಾದವರ ಹೆಸರು ನೋಡಿ 'ಓ, ಇಟಲಿಯವರು' ಅಂತ ತೀರ್ಮಾನಿಸಬೇಡಿ. ಕಾಗುಣಿತದಲ್ಲಿ 'ಎಕ್ಸ್' ಇದ್ದರೆ ಸ್ಪ್ಯಾನಿಷ್ ಕಡೆ ಅಂತ, 'ಎಸ್' ಇದ್ದರೆ ಇಟಲಿ ಕಡೆ ಅಂತ ಒಂದು ಅಂದಾಜು ಹಾಕಬಹುದು, ಆದರೆ ಅದೂ ಪಕ್ಕಾ ಲೆಕ್ಕ ಅಲ್ಲ, ಬರೆದುಕೊಂಡ ಗುಮಾಸ್ತನ ಕಿವಿ ಹೇಗಿತ್ತೋ ಹಾಗೆ.

ಕೆನಡಾದ ಹಾಕಿ ಎಸ್ಪೊಸಿಟೊಗಳು ಅಣ್ಣತಮ್ಮಂದಿರು, ಅಲ್ಲಿ ಮಾತ್ರ ನಿಮ್ಮ ಊಹೆ ಸರಿ. ಫಿಲ್ 1942ರಲ್ಲಿ, ಟೋನಿ 1943ರಲ್ಲಿ, ಒಂಟಾರಿಯೊದ ಸೂ ಸೇಂಟ್ ಮರೀ ಅನ್ನೋ ಉಕ್ಕಿನ ಕಾರ್ಖಾನೆಯ ಊರಲ್ಲಿ ಹುಟ್ಟಿದವರು. ಆ ಕಾರ್ಖಾನೆ ಕೆಲಸಕ್ಕೆ ಬಂದ ಇಟಾಲಿಯನ್ನರು ಅಲ್ಲಿ ಬಹಳ. ಅಮೆರಿಕ ಕೆನಡಾದ ದೊಡ್ಡ ಲೀಗ್‌ನಲ್ಲಿ ಒಂದೇ ಸೀಸನ್ನಿಗೆ 100 ಪಾಯಿಂಟ್ ದಾಟಿದ ಮೊದಲ ಆಟಗಾರ ಫಿಲ್, ಅದು 1968–69ರಲ್ಲಿ. ಟೋನಿ ಗೋಲ್‌ಕೀಪರ್. ಪಿಯೊ ಎಸ್ಪೊಸಿಟೊ ನೇಪಲ್ಸ್ ಹತ್ತಿರದ ಕಾಸ್ತೆಲ್ಲಮಾರೆ ದಿ ಸ್ತಾಬಿಯಾದವನು, ಅವನ ಅಣ್ಣಂದಿರೂ ಫುಟ್‌ಬಾಲ್ ಆಟಗಾರರೇ. ಜಿಯಾನ್‌ಕಾರ್ಲೊ ಎಸ್ಪೊಸಿಟೊ ಹುಟ್ಟಿದ್ದು 1958ರಲ್ಲಿ, ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ. ತಂದೆ ನೇಪಲ್ಸ್‌ನವರು, ತಾಯಿ ಅಮೆರಿಕದ ಅಲಬಾಮಾದ ಕಪ್ಪು ಜನಾಂಗದ ಆಪರಾ ಗಾಯಕಿ. ಎರಡನೇ ಮಹಾಯುದ್ಧದ ಮೇಲೆ ಇನ್ನೊಂದು ಅಲೆ ಎದ್ದಿತು. 1946ರಲ್ಲಿ ಬೆಲ್ಜಿಯಂ ಜೊತೆ ಕಲ್ಲಿದ್ದಲು ಗಣಿ ಕೆಲಸಕ್ಕೆ ಒಪ್ಪಂದ, 1955ರಲ್ಲಿ ಜರ್ಮನಿ ಜೊತೆ. ಆಸ್ಟ್ರೇಲಿಯಾಕ್ಕೂ ಹೋದರು. ಅಲ್ಲೆಲ್ಲ ಈ ಹೆಸರು ಸಿಗೋದು ಆ ಕಾರಣಕ್ಕೆ.

ಕೊನೆಗೆ, ಈ ಹೆಸರಿನವರೇ ಮೂಲ ಹುಡುಕಹೊರಟರೆ ಏನಾಗುತ್ತೆ? 2025ರವರೆಗೆ ಇಟಲಿಯ ಪೌರತ್ವಕ್ಕೆ ಮುತ್ತಜ್ಜನ ಕಾಗದ ತೋರಿಸಿದರೂ ನಡೆಯುತ್ತಿತ್ತು, ಹಾಗಾಗಿ ಅಮೆರಿಕ, ಅರ್ಜೆಂಟೀನಾ, ಬ್ರೆಜಿಲ್‌ನಲ್ಲಿ ಲಕ್ಷಾಂತರ ಜನ ಹಳೇ ದಾಖಲೆ ಹುಡುಕುತ್ತಿದ್ದರು. ಆ ವರ್ಷ ಕಾನೂನು ಬಿಗಿ ಮಾಡಿ, ಹೆಚ್ಚುಕಮ್ಮಿ ಅಪ್ಪ ಅಮ್ಮ ಇಲ್ಲವೇ ಅಜ್ಜ ಅಜ್ಜಿಯ ಮಟ್ಟಕ್ಕೆ ತಂದು ನಿಲ್ಲಿಸಿದರು. ಪೌರತ್ವ ಬಿಡಿ, ಕುತೂಹಲಕ್ಕೆ ಹುಡುಕುವವರಿಗೆ ಇಟಲಿ ಸರ್ಕಾರದ 'ಅಂತೆನಾತಿ' ಜಾಲತಾಣದಲ್ಲಿ ಹಳೇ ಜನನ ಮರಣ ಪುಸ್ತಕಗಳ ಚಿತ್ರಗಳು ಪುಕ್ಕಟೆ ಸಿಗುತ್ತವೆ. ದಕ್ಷಿಣ ಇಟಲಿಯ ಸರ್ಕಾರಿ ಪುಸ್ತಕಗಳು 1809ರ ಸುಮಾರಿಗೆ ಶುರು. ಅದಕ್ಕೂ ಹಿಂದೆ ಹೋಗಬೇಕಾದರೆ ಚರ್ಚಿನ ದಾಖಲೆ ನೋಡಬೇಕು. ಹಿಂದೆ ಹಿಂದೆ ಹೋಗುತ್ತಾ, ಅಪ್ಪನ ಹೆಸರಿರಬೇಕಾದ ಕಡೆ ಹೆಸರೇ ಇಲ್ಲದ ಒಬ್ಬ ಅಜ್ಜ ಸಿಕ್ಕರೆ ಕಾಗದದ ದಾರಿ ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆ ಡಿಎನ್‌ಎ ಪರೀಕ್ಷೆ ಒಂದೇ ದಾರಿ. ಅದರಲ್ಲಿ ಗಂಡುಸಂತಾನದ ಸಾಲು ಯಾವುದಾದರೂ ಬೇರೆ ಅಡ್ಡಹೆಸರಿನ ಮನೆಗೆ ಹೋಗಿ ಹೊಂದಿಕೊಂಡರೆ, ಆ ಕೂಸನ್ನು ಬಿಟ್ಟುಹೋದ ಮನೆ ಯಾವುದಿರಬಹುದು ಅಂತ ಸುಳಿವು ಸಿಗುತ್ತೆ. ಇನ್ನೊಬ್ಬ ಎಸ್ಪೊಸಿಟೊ ಜೊತೆ ಹೋಲಿಸಿ ನೋಡೋದರಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.