ಸರಳ ಬೇರೆ, ಸುಲಭ ಬೇರೆ

ಹಾಸನದ ಆಲೂಗಡ್ಡೆ ಬೆಳೆಗಾರರಿಗೆ ಹಂಚಿದ ಕರಪತ್ರವೊಂದು ಮೊನ್ನೆ ಕೈಗೆ ಸಿಕ್ಕಿತು. ಮೇಲೆ ದಪ್ಪಕ್ಷರದಲ್ಲಿ ‘ಸರಳ ಕನ್ನಡದಲ್ಲಿ ಮಾಹಿತಿ’. ಕೆಳಗೆ, ‘ಅಂಗಮಾರಿ ರೋಗ ಕಂಡುಬಂದಲ್ಲಿ ಸೂಕ್ತ ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಸಿಂಪಡಿಸುವುದು.’ ಗೊತ್ತಿಲ್ಲದ ಪದ ಒಂದೂ ಇಲ್ಲ. ಯಾವ ಔಷಧಿ, ಎಷ್ಟು ಅನ್ನುವುದೂ ಇಲ್ಲ. ಇದು ಸರಳವಂತೆ!

ಸುಲಭ ಅಂದರೆ ಕಷ್ಟಪಡದೆ ಸಿಗುವುದು. ‘ಲಭಿಸು’ ಅದರೊಳಗೇ ಇದೆ. ಸರಳ ಅಂದರೆ ನೆಟ್ಟಗಿರುವುದು. ಶಾಲೆಯಲ್ಲಿ ಸ್ಕೇಲ್ ಇಟ್ಟು ಎಳೆದ ಸರಳರೇಖೆ ನೆನಪಿದೆ ಅಲ್ವಾ? ಅದು ಸುಲಭದ ಗೆರೆಯಲ್ಲ, ನೇರ ಗೆರೆ. ಸಂಸ್ಕೃತದಲ್ಲಿ ಹಿಮಾಲಯದ ಒಂದು ಪೈನ್ ಮರಕ್ಕೂ ಇದೇ ಹೆಸರು. ನಮ್ಮ ಸಕಲೇಶಪುರದ ಕಡೆಯವರು ಕಾಫಿ ತೋಟದ ಸಿಲ್ವರ್ ಓಕ್ ನೆನೆದರೆ ಸಾಕು: ಮೈಗೆ ಮೆಣಸಿನ ಬಳ್ಳಿ ಹಬ್ಬಿದ್ದರೂ ಮರ ನೆಟ್ಟಗೇ ನಿಂತಿರುತ್ತದೆ. ವ್ಯಾಕರಣದಲ್ಲಿ ಮಾತ್ರ ಅರ್ಥ ಸ್ವಲ್ಪ ವಾಲಿದೆ. ಕ, ಚ, ಟ, ತ, ಪ ಪರುಷ, ಅಂದರೆ ಒರಟು; ಗ, ಜ, ಡ, ದ, ಬ ಸರಳ, ಅಂದರೆ ಮೆದು. ‘ಮಳೆ’ಗೆ ‘ಕಾಲ’ ಸೇರಿ ‘ಮಳೆಗಾಲ’ ಆಗುವುದು ಹೀಗೆ. ಪದ್ಯಕ್ಕೆ ಬಂದರೆ, ಲಲಿತ ರಗಳೆ ಅನ್ನುವ ಛಂದಸ್ಸಿನ ಪ್ರಾಸ ಬಿಟ್ಟರೆ ಸರಳ ರಗಳೆ. ಅದನ್ನು ಸುಲಭ ಅಂದುಕೊಂಡವರು ನಾಲ್ಕು ಸಾಲು ಬರೆದು ನೋಡಲಿ.

(ಕಿಟಕಿಯ ಸರಳು ಬೇರೆ ಪದ. ಹಳೆಯ ಕಾವ್ಯಗಳಲ್ಲಿ ಸರಳು ಅಂದರೆ ಬಾಣ. ಅದೂ ನೆಟ್ಟಗೇ ಇರುತ್ತದೆ, ಆ ಮಾತು ಬಿಡಿ.)

ಈಗ ಕರಪತ್ರಕ್ಕೆ ಬರೋಣ. ‘ಒಂದು ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ’ ಎಂದಿದ್ದರೆ? ಮ್ಯಾಂಕೋಜೆಬ್ ನಾಲಿಗೆಗೆ ಸುಲಭವಲ್ಲ. ಆದರೂ ವಾಕ್ಯ ಸರಳ, ಓದಿದವನು ನೇರ ಅಂಗಡಿಗೆ ಹೋಗಬಹುದು. ‘ಸೂಕ್ತ’, ‘ಸರಿಯಾದ’, ‘ಅಗತ್ಯ’ ಎಲ್ಲ ಸುಲಭದ ಪದಗಳೇ. ಬರೆಯುವವನಿಗೆ ಸುಲಭ.

ಇನ್ನೊಂದು ‘ಲಾಗುವುದು’. ‘ಕ್ರಮ ಕೈಗೊಳ್ಳಲಾಗುವುದು’, ‘ಪರಿಶೀಲಿಸಲಾಗುವುದು’. ಕೈಗೊಳ್ಳುವವರು ಯಾರು, ಪರಿಶೀಲಿಸುವವರು ಯಾರು? ಕರ್ತೃವನ್ನು ಬಾಗಿಲ ಹಿಂದೆ ನಿಲ್ಲಿಸಿ ಕ್ರಿಯಾಪದವನ್ನು ಮಾತ್ರ ಹೊರಗೆ ಕಳಿಸಿದ ಹಾಗೆ. ಮಾಡುವವರು ನಿಜಕ್ಕೂ ಗೊತ್ತಿಲ್ಲದಿದ್ದರೆ ಸರಿ, ಗೊತ್ತಿದ್ದೂ ಹೀಗೆ ಬರೆಯುವುದೇ ಜಾಸ್ತಿ.

ಚಿಕ್ಕದಾಗಿ ಬರೆದರೆ ಸರಳ ಅನ್ನುವವರೂ ಇದ್ದಾರೆ. ಆ ಕರಪತ್ರದ ವಾಕ್ಯದಲ್ಲಿದ್ದದ್ದು ಬರೀ ಎಂಟು ಪದ.