ಅಮೆರಿಕದ ಆರೋಗ್ಯ ವಿಮೆ: ನಿಯಮ ಬದಲಾದಾಗಲೆಲ್ಲ ಬಿಲ್ ಯಾರ ಕೈಗೆ?

ಅಮೆರಿಕದಲ್ಲಿ ಕೆಲಸ ಹೋದರೆ ಸಂಬಳದ ಜೊತೆಗೆ ಆರೋಗ್ಯ ವಿಮೆಯೂ ಹೋಗುತ್ತದೆ. ಕಂಪನಿಯ ವಿಮೆಯನ್ನೇ ಮುಂದುವರಿಸಬಹುದು, ಸಾಮಾನ್ಯವಾಗಿ 18 ತಿಂಗಳು. ಆದರೆ ಅಷ್ಟು ದಿನ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂ ನೀವೇ ಕಟ್ಟಬೇಕು, ಮೇಲೆ ಶೇ 2ರಷ್ಟು ನಿರ್ವಹಣಾ ವೆಚ್ಚ ಬೇರೆ. ಸಂಬಳ ನಿಂತ ತಿಂಗಳೇ ವಿಮೆಯ ಖರ್ಚು ಹಲವು ಪಟ್ಟು ಏರುತ್ತದೆ.

ಕಾಯಿಲೆಗೂ ಕೆಲಸಕ್ಕೂ ಹೀಗೆ ಗಂಟು ಹಾಕಿದವರು ಯಾರು? ಕೂತು ಯೋಚಿಸಿ ಮಾಡಿದ ಏರ್ಪಾಡೇನೂ ಅಲ್ಲ ಇದು. ಯುದ್ಧಕಾಲದ ಒಂದು ಕಾನೂನಿನ ಸಂದಿಯಲ್ಲಿ ನುಸುಳಿ ಬಂದದ್ದು.

ಅದಕ್ಕೂ ಮೊದಲು, 1929ರಲ್ಲಿ, ಡಲ್ಲಾಸ್‌ನ ಬೇಲರ್ ಆಸ್ಪತ್ರೆಯಲ್ಲಿ ಒಂದು ಪ್ರಯೋಗ ಶುರುವಾಗಿತ್ತು. ಅಲ್ಲಿನ ಉಸ್ತುವಾರಿ ಜಸ್ಟಿನ್ ಕಿಂಬಾಲ್ ಹಿಂದೆ ಆ ಊರಿನ ಶಾಲೆಗಳ ಮುಖ್ಯಸ್ಥರಾಗಿದ್ದವರು. ಬಾಕಿ ಉಳಿದ ಬಿಲ್‌ಗಳನ್ನು ನೋಡಿದರೆ ಅದರಲ್ಲಿ ಮೇಷ್ಟ್ರುಗಳ ಹೆಸರು ಬೇಕಾದಷ್ಟಿತ್ತು. ಕಿಂಬಾಲ್ ಒಂದು ಯೋಜನೆ ಹಾಕಿದರು: ಶಿಕ್ಷಕರು ತಿಂಗಳಿಗೆ 50 ಸೆಂಟ್ ಕೊಟ್ಟರೆ ಆಸ್ಪತ್ರೆಯಲ್ಲಿ 21 ದಿನಗಳ ಆರೈಕೆ ಸಿಗುತ್ತದೆ. ಮುಂದೆ ಬ್ಲೂ ಕ್ರಾಸ್ ಎಂಬ ಹೆಸರಿನಲ್ಲಿ ದೇಶವಿಡೀ ಹಬ್ಬಿದ್ದು ಈ ಯೋಜನೆಯೇ. ಆದರೂ 1940ರ ಹೊತ್ತಿಗೆ ಹತ್ತು ಜನರಲ್ಲಿ ಒಬ್ಬರಿಗಷ್ಟೇ ಇಂಥ ವಿಮೆ ಇತ್ತು.

1942ರಲ್ಲಿ ಸರ್ಕಾರ ಬೆಲೆ ಏರಿಕೆ ತಡೆಯಲು ಸಂಬಳ ಹೆಚ್ಚಿಸುವುದಕ್ಕೆ ಕಡಿವಾಣ ಹಾಕಿತು. ಗಂಡಸರು ಯುದ್ಧಕ್ಕೆ ಹೋಗಿದ್ದಾರೆ, ಕಾರ್ಖಾನೆಗಳಿಗೆ ಆಳು ಸಿಗುತ್ತಿಲ್ಲ, ಜಾಸ್ತಿ ಸಂಬಳ ಕೊಡುವ ಹಾಗೂ ಇಲ್ಲ. ಆದರೆ ವಿಮೆ, ಪಿಂಚಣಿಗಳು ಸಂಬಳದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದೇ ಕಾನೂನು ಹೇಳಿತ್ತು. ಅಷ್ಟು ಸಾಕಾಯಿತು. ಕಂಪನಿಗಳು ವಿಮೆಯ ಆಸೆ ತೋರಿಸಿ ಆಳುಗಳನ್ನು ಸೆಳೆದವು. ಕಂಪನಿ ಕಟ್ಟುವ ಪ್ರೀಮಿಯಂಗೆ ನೌಕರ ಆದಾಯ ತೆರಿಗೆ ಕೊಡಬೇಕಿಲ್ಲ ಎಂಬುದನ್ನು 1954ರ ತೆರಿಗೆ ಕಾನೂನು ಗಟ್ಟಿ ಮಾಡಿತು. 1950ರ ಹೊತ್ತಿಗಾಗಲೇ ಅರ್ಧದಷ್ಟು ಜನಕ್ಕೆ ಆಸ್ಪತ್ರೆ ವಿಮೆ ಇತ್ತು. ಎಲ್ಲರಿಗೂ ಸರ್ಕಾರಿ ವಿಮೆ ಬೇಕೆಂದು ಅಧ್ಯಕ್ಷ ಟ್ರೂಮನ್ 1945ರಲ್ಲಿ ಕೇಳಿದಾಗ ಅದು ಮುಂದೆ ಹೋಗಲಿಲ್ಲ. ವೈದ್ಯರ ಸಂಘ ಕಟುವಾಗಿ ವಿರೋಧಿಸಿತು. ಕಂಪನಿ ವಿಮೆ ಸಿಕ್ಕವರಿಗೆ ಅದರ ತುರ್ತು ಕಾಣಲಿಲ್ಲ.

ಹೊರಗುಳಿದವರು ಯಾರು? ಕೆಲಸ ಬಿಟ್ಟ ವೃದ್ಧರು ಮತ್ತು ಕಂಪನಿ ಕೆಲಸವಿಲ್ಲದ ಬಡವರು. 1965ರಲ್ಲಿ ಅಧ್ಯಕ್ಷ ಜಾನ್ಸನ್ ವೃದ್ಧರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್ ತಂದರು. ಟ್ರೂಮನ್ ಊರಿಗೇ ಹೋಗಿ ಸಹಿ ಹಾಕಿ, ಮೊದಲ ಕಾರ್ಡನ್ನು ಅವರಿಗೇ ಕೊಟ್ಟರು. ಇವೆರಡರ ನಡುವೆ ಇನ್ನೊಂದು ಗುಂಪು ಉಳಿದುಬಿಟ್ಟಿತು. ಸ್ವಂತ ಕೆಲಸ ಮಾಡುವವರು, ವಿಮೆ ಕೊಡದ ಸಣ್ಣ ಅಂಗಡಿಗಳಲ್ಲಿ ದುಡಿಯುವವರು, 65 ತುಂಬುವ ಮೊದಲೇ ನಿವೃತ್ತರಾದವರು. ಇವರು ಮಾರುಕಟ್ಟೆಯಲ್ಲಿ ಸ್ವಂತಕ್ಕೆ ವಿಮೆ ಕೊಳ್ಳಬೇಕು. ಹಳೇ ಕಾಯಿಲೆ ಇದ್ದರೆ ಬಹಳಷ್ಟು ರಾಜ್ಯಗಳಲ್ಲಿ ಕಂಪನಿಗಳು ಸೀದಾ ‘ಆಗಲ್ಲ’ ಅನ್ನಬಹುದಿತ್ತು.

ಮುಂದಿನ ಜಗಳವೆಲ್ಲ ಈ ಗುಂಪಿನ ಸುತ್ತಲೇ.

ನ್ಯೂಯಾರ್ಕ್ ರಾಜ್ಯ 1993ರಲ್ಲಿ ಒಂದು ಒಳ್ಳೆಯ ಕಾನೂನು ಜಾರಿಗೆ ತಂದಿತು. ಯಾರು ಬಂದರೂ ವಿಮೆ ಕೊಡಬೇಕು. ವಯಸ್ಸು, ಕಾಯಿಲೆ ನೋಡದೆ ಎಲ್ಲರಿಗೂ ಒಂದೇ ದರ. ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ 25ರ ಹುಡುಗನ ಕಡೆಯಿಂದ ಸ್ವಲ್ಪ ನೋಡಿ. 60 ದಾಟಿದವರಿಗೆ ಎಷ್ಟೋ ಅವನಿಗೂ ಅಷ್ಟೇ ಪ್ರೀಮಿಯಂ. ಕಾಯಿಲೆ ಬಂದ ಮೇಲೆ ಸೇರಿದರೂ ಬೇಡ ಅನ್ನುವ ಹಾಗಿಲ್ಲ. ಮತ್ತೆ ಈಗಲೇ ಯಾಕೆ ಕಟ್ಟಬೇಕು? ಅವನು ಹೊರಬೀಳುತ್ತಾನೆ. ಉಳಿದವರಲ್ಲಿ ಕಾಯಿಲೆಯವರ ಪಾಲು ಹೆಚ್ಚುತ್ತದೆ, ಪ್ರೀಮಿಯಂ ಏರುತ್ತದೆ. ಆಗ ಇನ್ನೊಂದಷ್ಟು ಗಟ್ಟಿಮುಟ್ಟಾದವರು ಬಿಡುತ್ತಾರೆ. ವರ್ಷದಿಂದ ವರ್ಷಕ್ಕೆ ಇದೇ ಸುತ್ತು. ಸ್ವಂತಕ್ಕೆ ವಿಮೆ ಕೊಳ್ಳುವವರ ಮಟ್ಟಿಗೆ ನ್ಯೂಯಾರ್ಕ್ ದೇಶದಲ್ಲೇ ಅತಿ ದುಬಾರಿ ರಾಜ್ಯಗಳಲ್ಲಿ ಒಂದಾಯಿತು. ಕೊಳ್ಳುವವರೂ ಬೆರಳೆಣಿಕೆಗೆ ಇಳಿದರು.

ಮ್ಯಾಸಚೂಸೆಟ್ಸ್ ಈ ಪಾಠ ಕಲಿಯಿತು. 2006ರಲ್ಲಿ ಅಲ್ಲಿನ ಗವರ್ನರ್ ಮಿಟ್ ರಾಮ್ನಿ ಸಹಿ ಹಾಕಿದ ಕಾನೂನು ಮೂರು ಕಾಲಿನ ಸ್ಟೂಲು. ವಿಮೆ ಕಂಪನಿ ಯಾರನ್ನೂ ತಿರಸ್ಕರಿಸಬಾರದು, ಜನ ವಿಮೆ ಮಾಡಿಸದಿದ್ದರೆ ದಂಡ, ಕೈಲಾಗದವರಿಗೆ ಸರ್ಕಾರದ ಸಹಾಯಧನ. ಒಂದು ಕಾಲು ಮುರಿದರೂ ಸ್ಟೂಲು ಮಗುಚುತ್ತದೆ ಎಂಬುದು ಆಗಿನ ನಂಬಿಕೆ. 2010ರ ಮಾರ್ಚ್ 23ರಂದು ಒಬಾಮ ಸಹಿ ಹಾಕಿದ ಅಫೋರ್ಡಬಲ್ ಕೇರ್ ಕಾಯ್ದೆ, ಅಂದರೆ ಒಬಾಮಕೇರ್, ಇದನ್ನೇ ದೇಶಕ್ಕೆಲ್ಲ ಹಿಗ್ಗಿಸಿತು. 2012ರ ಚುನಾವಣೆಯಲ್ಲಿ ಅದನ್ನು ರದ್ದು ಮಾಡುತ್ತೇನೆಂದು ಒಬಾಮ ಎದುರು ನಿಂತವರು ಇದೇ ರಾಮ್ನಿ. ರಾಜಕೀಯ!

2014ರಲ್ಲಿ ಹೊಸ ನಿಯಮ ಬಂದಾಗ ನ್ಯೂಯಾರ್ಕ್‌ನಲ್ಲಿ ಸ್ವಂತ ವಿಮೆಯ ದರ ಸರಾಸರಿ ಅರ್ಧದಷ್ಟು ಇಳಿಯುತ್ತದೆ ಎಂದು ಅಲ್ಲಿನ ಸರ್ಕಾರ ಪ್ರಕಟಿಸಿತು. ಬೇರೆ ಎಷ್ಟೋ ರಾಜ್ಯಗಳಲ್ಲಿ ದರ ಏರಿತು. ಅಲ್ಲಿ ಕಾಯಿಲೆಯವರನ್ನು ಅಷ್ಟು ದಿನ ಹೊರಗಿಟ್ಟಿದ್ದರಿಂದಲೇ ದರ ಕಡಿಮೆ ಇತ್ತು. ಕಾನೂನು ಒಂದೇ, ಫಲ ಉಲ್ಟಾ. ಈ ಕಾಯ್ದೆ ದರ ಇಳಿಸಿತೋ ಏರಿಸಿತೋ ಎಂದು ಸುಮ್ನೆ ಜಗಳ ಆಡುವವರು ಯಾರ ದರ, ಯಾವ ರಾಜ್ಯದಲ್ಲಿ ಎಂದು ಕೇಳುವುದೇ ಇಲ್ಲ. ಒಟ್ಟಾರೆ ವಿಮೆ ಇಲ್ಲದವರ ಸಂಖ್ಯೆ 2010ರಲ್ಲಿ ಸುಮಾರು 4.8 ಕೋಟಿ ಇದ್ದದ್ದು 2016ಕ್ಕೆ 2.8 ಕೋಟಿಯ ಆಸುಪಾಸಿಗೆ ಬಂತು.

ಇನ್ನೂ ಇಳಿಯಬೇಕಿತ್ತು. ಬಡತನ ರೇಖೆಯ ಕೆಳಗಿನವರಿಗೆಲ್ಲ ಮೆಡಿಕೇಡ್ ಸಿಗುತ್ತದೆ ಎಂದುಕೊಂಡು ಕಾನೂನು ಬರೆದವರು ಅವರಿಗೆ ಸಹಾಯಧನ ಇಡಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟ್ ಮೆಡಿಕೇಡ್ ವಿಸ್ತರಣೆ ರಾಜ್ಯಗಳ ಇಷ್ಟಕ್ಕೆ ಬಿಟ್ಟದ್ದು ಎಂದಿತು. ಟೆಕ್ಸಾಸ್, ಫ್ಲೋರಿಡಾ ಸೇರಿ 10 ರಾಜ್ಯಗಳು ಇವತ್ತಿಗೂ ವಿಸ್ತರಿಸಿಲ್ಲ. ಟೆಕ್ಸಾಸ್‌ನಲ್ಲಿ ಬಡತನ ರೇಖೆಗಿಂತ ಸ್ವಲ್ಪ ಮೇಲಿರುವವರಿಗೆ ಸಹಾಯಧನ ಉಂಟು. ರೇಖೆಯ ಕೆಳಗಿರುವ, ಮಕ್ಕಳಿಲ್ಲದ, ಅಂಗವೈಕಲ್ಯವೂ ಇಲ್ಲದ ವಯಸ್ಕರಿಗೆ ಅದೂ ಇಲ್ಲ, ಇದೂ ಇಲ್ಲ. ಬಡವರೆಂಬ ಕಾರಣಕ್ಕೇ ನೆರವು ತಪ್ಪಿತು.

2017ರಲ್ಲಿ ಟ್ರಂಪ್ ಬಂದರು. ಕಾಯ್ದೆ ರದ್ದು ಮಾಡಲು ಹೊರಟದ್ದು ಸೆನೆಟ್‌ನಲ್ಲಿ ಬಿದ್ದುಹೋಯಿತು. ಆಮೇಲೆ ನಡೆದದ್ದು ಈ ಇಡೀ ಕಥೆಯಲ್ಲಿ ನನಗೆ ಅತಿ ಸ್ವಾರಸ್ಯದ ಭಾಗ. ಕಡಿಮೆ ಆದಾಯದವರು ಡಾಕ್ಟರ ಹತ್ತಿರ ಹೋದಾಗ ಕೈಯಿಂದ ಕೊಡುವ ಪಾಲನ್ನು ವಿಮೆ ಕಂಪನಿಗಳು ಕಡಿಮೆ ಮಾಡಬೇಕು, ಸರ್ಕಾರ ಆ ಹಣ ತುಂಬಿಕೊಡಬೇಕು ಎಂದು ನಿಯಮ ಇತ್ತು. ಟ್ರಂಪ್ ಸರ್ಕಾರ ಅಕ್ಟೋಬರ್‌ನಲ್ಲಿ ಹಣ ಕೊಡುವುದನ್ನು ನಿಲ್ಲಿಸಿತು. ಕಂಪನಿಗಳು ಮಾತ್ರ ರಿಯಾಯಿತಿ ಕೊಡಲೇಬೇಕು, ಅದು ಕಾನೂನು. ಒಬಾಮಕೇರ್ ವಿಮೆಗಳಿಗೆ ಬ್ರಾಂಜ್, ಸಿಲ್ವರ್, ಗೋಲ್ಡ್ ಎಂದು ದರ್ಜೆಗಳುಂಟು: ಬ್ರಾಂಜ್‌ನಲ್ಲಿ ಪ್ರೀಮಿಯಂ ಕಡಿಮೆ, ಕೈಯಿಂದ ಕೊಡುವ ಪಾಲು ಜಾಸ್ತಿ; ಗೋಲ್ಡ್‌ನಲ್ಲಿ ಉಲ್ಟಾ; ಸಿಲ್ವರ್ ನಡುವಿನದು. ಈ ರಿಯಾಯಿತಿ ಸಿಗುವುದು ಸಿಲ್ವರ್ ಪ್ಲಾನ್‌ಗಳಲ್ಲಿ ಮಾತ್ರ. ಹಾಗಾಗಿ ಬಹಳಷ್ಟು ರಾಜ್ಯಗಳಲ್ಲಿ ಕಂಪನಿಗಳು ಆ ಖರ್ಚನ್ನೆಲ್ಲ ಸಿಲ್ವರ್ ಪ್ರೀಮಿಯಂ ಮೇಲೆ ಹಾಕಿದವು.

ಇಲ್ಲೇ ಮಜಾ ಇರುವುದು. ಪ್ರೀಮಿಯಂಗೆ ಸಿಗುವ ಸಹಾಯಧನದ ಅಳತೆಗೋಲೂ ಸಿಲ್ವರ್ ಪ್ಲಾನೇ. ಸಿಲ್ವರ್ ದರ ಏರಿದರೆ ಸಹಾಯಧನವೂ ಏರುತ್ತದೆ. ಆ ದುಡ್ಡನ್ನು ಅಗ್ಗದ ಬ್ರಾಂಜ್ ಪ್ಲಾನ್‌ಗೂ ಬಳಸಬಹುದು. 2018ರಲ್ಲಿ ಎಷ್ಟೋ ಜನಕ್ಕೆ ಬ್ರಾಂಜ್ ಪ್ಲಾನ್ ಪುಕ್ಕಟೆಯಾಯಿತು. ಕೆಲವು ಕಡೆ ಗೋಲ್ಡ್ ಪ್ಲಾನ್ ಸಿಲ್ವರ್‌ಗಿಂತ ಅಗ್ಗವಾಯಿತು. ಹಣ ನಿಲ್ಲಿಸಿದರೆ ಹತ್ತು ವರ್ಷದಲ್ಲಿ ಸರ್ಕಾರದ ಕೊರತೆ 19,400 ಕೋಟಿ ಡಾಲರ್ ಹೆಚ್ಚುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಎರಡು ತಿಂಗಳ ಮೊದಲೇ ಲೆಕ್ಕ ಕೊಟ್ಟಿತ್ತು! ಪೆಟ್ಟು ಬಿದ್ದದ್ದು ಸಹಾಯಧನ ಸಿಗದ ಮಧ್ಯಮ ವರ್ಗಕ್ಕೆ. ಅವರು ಏರಿದ ದರವನ್ನು ಪೂರ್ತಿ ತಾವೇ ಕಟ್ಟಿದರು.

ವಿಮೆ ಮಾಡಿಸದವರ ದಂಡವೂ 2019ರಿಂದ ಸೊನ್ನೆಯಾಯಿತು. ಸ್ಟೂಲಿನ ಒಂದು ಕಾಲು ಹೋಯಿತು, ಸ್ಟೂಲು ಬೀಳಲಿಲ್ಲ. ದಂಡಕ್ಕಿಂತ ಸಹಾಯಧನವೇ ಜನರನ್ನು ಹಿಡಿದಿಟ್ಟಿತ್ತು ಎಂದೇ ನನ್ನ ಅನಿಸಿಕೆ. 2021ರ ಕೊರೊನಾ ಪರಿಹಾರ ಕಾನೂನು ಸಹಾಯಧನ ಹೆಚ್ಚಿಸಿದಾಗ ಆದದ್ದನ್ನು ನೋಡಿ. ಯಾರೂ ಅಳತೆಗೋಲಿನ ಪ್ಲಾನ್‌ಗೆ ಆದಾಯದ ಶೇ 8.5ಕ್ಕಿಂತ ಜಾಸ್ತಿ ಕಟ್ಟಬೇಕಿಲ್ಲ ಎಂದಾಯಿತು. 2020ರಲ್ಲಿ ಸುಮಾರು 1.1 ಕೋಟಿ ಇದ್ದ ಒಬಾಮಕೇರ್ ವಿಮೆಯ ನೋಂದಣಿ 2025ಕ್ಕೆ 2.4 ಕೋಟಿ ಮುಟ್ಟಿತು.

ಆ ಹೆಚ್ಚುವರಿ ಸಹಾಯಧನ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದನ್ನು ಮುಂದುವರಿಸದಿದ್ದರೆ ಸರ್ಕಾರದ ಖರ್ಚಿಗೆ ಒಪ್ಪಿಗೆ ಕೊಡುವುದಿಲ್ಲ ಎಂದು ಡೆಮಾಕ್ರಟಿಕ್ ಪಕ್ಷದವರು ಹಟ ಹಿಡಿದರು; ಹಲವು ಸರ್ಕಾರಿ ಕಚೇರಿಗಳು 43 ದಿನ ಬಾಗಿಲು ಮುಚ್ಚಿದವು, ಪ್ರಯೋಜನವಾಗಲಿಲ್ಲ. 2026ಕ್ಕೆ ಹಳೇ ನಿಯಮ ಮರಳಿತು: ಆದಾಯ ಬಡತನ ರೇಖೆಯ ನಾಲ್ಕು ಪಟ್ಟು ದಾಟಿದರೆ ಒಂದು ಪೈಸೆಯೂ ಇಲ್ಲ. ಒಂಟಿ ವ್ಯಕ್ತಿಗೆ ಆ ಗಡಿ 62,600 ಡಾಲರ್. ಸರಿಯಾಗಿ ಅಷ್ಟೇ ದುಡಿಯುವವರು ಸಿಲ್ವರ್ ಪ್ಲಾನ್‌ಗೆ ಆದಾಯದ ಶೇ 9.96, ಅಂದರೆ ವರ್ಷಕ್ಕೆ ಸುಮಾರು 6,235 ಡಾಲರ್ ಕಟ್ಟುತ್ತಾರೆ. 60ರ ವಯಸ್ಸಿನವರಿಗೆ ಅದೇ ಪ್ಲಾನ್‌ನ ಪೂರ್ತಿ ಬೆಲೆ 14,000 ಎಂದಿಟ್ಟುಕೊಳ್ಳಿ. ಆದಾಯ ಒಂದೇ ಒಂದು ಡಾಲರ್ ಹೆಚ್ಚಾದರೂ 7,700 ಡಾಲರ್‌ಗೂ ಮಿಕ್ಕಿ ಕೈಯಿಂದ ಹೋಗುತ್ತದೆ. ಇಂಥವರು ವರ್ಷದ ಕೊನೆಯಲ್ಲಿ ಬಂದ ಕೆಲಸ ಬೇಡ ಅಂದರೆ ಸೋಮಾರಿ ಅನ್ನಲಾಗದು.

ಮೆಡಿಕೇಡ್ ಕಡೆಯ ಕಥೆಯಲ್ಲಿ ದರಕ್ಕಿಂತ ಕಾಗದಪತ್ರದ್ದೇ ಕಾಟ. ಕೊರೊನಾ ಕಾಲದಲ್ಲಿ ಯಾರ ಹೆಸರನ್ನೂ ತೆಗೆಯಬಾರದು ಎಂಬ ನಿಯಮ ಇತ್ತು. 2023ರ ಮಾರ್ಚ್‌ಗೆ ಅದು ಮುಗಿದ ಮೇಲೆ 2.5 ಕೋಟಿಗೂ ಹೆಚ್ಚು ಜನರ ಹೆಸರು ಹೋಯಿತು. ಹೆಚ್ಚಿನವರನ್ನು ತೆಗೆದದ್ದು ಆದಾಯ ಏರಿದೆ ಎಂದಲ್ಲ, ಫಾರಂ ಬಂದಿಲ್ಲ, ವಿಳಾಸ ತಪ್ಪಿದೆ ಎಂಬಂಥ ಕಾರಣಕ್ಕೆ.

ಅದಕ್ಕೂ ಮೊದಲು ಆರ್ಕನ್ಸಾದಲ್ಲಿ ಇದರ ಸಣ್ಣ ರೂಪ ಕಂಡಿತ್ತು. ಮೆಡಿಕೇಡ್ ಬೇಕಾದರೆ ತಿಂಗಳಿಗೆ 80 ಗಂಟೆ ಕೆಲಸ ಮಾಡಿದ್ದನ್ನು ತೋರಿಸಬೇಕು ಎಂದು 2018ರಲ್ಲಿ ಆ ರಾಜ್ಯ ನಿಯಮ ತಂದಿತು. ಮೊದಮೊದಲು ಲೆಕ್ಕವನ್ನು ವೆಬ್‌ಸೈಟ್‌ನಲ್ಲೇ ಕೊಡಬೇಕಿತ್ತು. ಆ ವೆಬ್‌ಸೈಟ್ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್! ಹಗಲೆಲ್ಲ ದುಡಿದು ಬಂದವರು ಯಾವಾಗ ತುಂಬಬೇಕು? ಕೆಲವೇ ತಿಂಗಳಲ್ಲಿ 18,000ಕ್ಕೂ ಹೆಚ್ಚು ಜನ ವಿಮೆ ಕಳೆದುಕೊಂಡರು. ಆಮೇಲೆ ನಡೆದ ಅಧ್ಯಯನದಲ್ಲಿ ಉದ್ಯೋಗ ಹೆಚ್ಚಿದ ಸುಳಿವೂ ಸಿಗಲಿಲ್ಲ. 2019ರಲ್ಲಿ ನ್ಯಾಯಾಲಯ ಅದನ್ನು ನಿಲ್ಲಿಸಿತು.

2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ದೊಡ್ಡ ಕಾನೂನಿನಲ್ಲಿ ಅದೇ 80 ಗಂಟೆ ಮತ್ತೆ ಬಂದಿದೆ. ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳು 2027ರ ಜನವರಿ 1ರೊಳಗೆ ಜಾರಿ ಮಾಡಬೇಕು ಎಂಬುದು ಅದರ ಸಾಮಾನ್ಯ ನಿಯಮ. ಆ ಕಾನೂನಿನಿಂದ 2034ರ ಹೊತ್ತಿಗೆ ವಿಮೆ ಇಲ್ಲದವರು ಇನ್ನೂ ಸುಮಾರು 1 ಕೋಟಿ ಹೆಚ್ಚುತ್ತಾರೆ ಎಂದು ಬಜೆಟ್ ಕಚೇರಿ ಅಂದಾಜಿಸಿದೆ. ಅವರಿಗೂ ಕಾಯಿಲೆ ಬರುತ್ತದೆ. ದುಡ್ಡು ಇರಲಿ ಬಿಡಲಿ, ತುರ್ತು ಚಿಕಿತ್ಸೆಗೆ ಬಂದವರನ್ನು ಸಂಭಾಳಿಸದೆ ಕಳಿಸುವ ಹಾಗಿಲ್ಲ ಎಂದು 1986ರಿಂದಲೇ ಕಾನೂನಿದೆ. ಆ ಬಿಲ್ ಆಸ್ಪತ್ರೆಯ ತಲೆ ಮೇಲೆ ಬೀಳುತ್ತದೆ, ಹಳ್ಳಿಗಾಡಿನ ಆಸ್ಪತ್ರೆಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಕಡಿಮೆ. 2025ರ ಕಾನೂನು ಬರೆದವರಿಗೂ ಇದು ಗೊತ್ತಿದ್ದಂತಿದೆ. ಗ್ರಾಮೀಣ ಆರೋಗ್ಯ ಸೇವೆಗೆಂದು ಐದು ವರ್ಷಕ್ಕೆ 5,000 ಕೋಟಿ ಡಾಲರ್‌ಗಳ ನಿಧಿಯನ್ನು ಅದೇ ಕಾನೂನಿನಲ್ಲಿ ಸೇರಿಸಿದ್ದಾರೆ.