ಸ್ಯಾಪ್: ಅಮೆರಿಕದ ಕಾಲೇಜಿನಲ್ಲಿ ಫೈನಾನ್ಷಿಯಲ್ ಏಡ್ ಉಳಿಸಿಕೊಳ್ಳುವ ಲೆಕ್ಕ

ಪೆಲ್ ಗ್ರ್ಯಾಂಟ್ (ಅಮೆರಿಕದ ಕೇಂದ್ರ ಅಂದರೆ ಫೆಡರಲ್ ಸರ್ಕಾರ ಕೊಡುವ ಸಹಾಯಧನ) ಅಥವಾ ಫೆಡರಲ್ ಸಾಲ ಮೊದಲ ವರ್ಷ ಸಿಕ್ಕರೆ ಡಿಗ್ರಿ ಮುಗಿಯುವವರೆಗೂ ಸಿಕ್ಕಂತೆ ಎಂದು ತುಂಬಾ ಜನ ನಂಬಿರುತ್ತಾರೆ. ಹಾಗಿಲ್ಲ. ಈ ನೆರವು ಕೇಳುವ ಫಾಫ್ಸಾ ಎಂಬ ಅರ್ಜಿಯನ್ನು ವರ್ಷ ವರ್ಷವೂ ಹಾಕಬೇಕು. ಅದರ ಮೇಲೆ, ಓದು ಸರಿಯಾಗಿ ಮುಂದಕ್ಕೆ ಹೋಗುತ್ತಿದೆಯೇ ಎಂದು ಕಾಲೇಜು ಲೆಕ್ಕ ಹಾಕುತ್ತದೆ. ಇದಕ್ಕೆ ಸ್ಯಾಟಿಸ್‌ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್ ಎಂದು ಹೆಸರು, ಚಿಕ್ಕದಾಗಿ ಸ್ಯಾಪ್.

ಇದು ಯಾರಿಗೆ ಸಂಬಂಧಿಸಿದ್ದು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋದವರಿಗೆ ಫೆಡರಲ್ ಏಡ್ ಇಲ್ಲ. ಅಪ್ಪ ಅಮ್ಮನ ಕೆಲಸದ ವೀಸಾದ ಮೇಲೆ ಸಿಗುವ ಎಚ್-4 ವೀಸಾದಲ್ಲಿ ಅಲ್ಲೇ ಬೆಳೆದ ಮಕ್ಕಳಿಗೂ ಇಲ್ಲ. ಗ್ರೀನ್ ಕಾರ್ಡ್ ಬಂದವರಿಗೆ, ಅಲ್ಲಿನ ಪೌರರಾದವರಿಗೆ ಉಂಟು. ಮನೆಯಲ್ಲಿ ಮೊದಲ ಬಾರಿಗೆ ಅಮೆರಿಕದ ಕಾಲೇಜು ಮೆಟ್ಟಿಲು ಹತ್ತುವ ಮಕ್ಕಳಿಗೆ ಈ ನಿಯಮವನ್ನು ಬಿಡಿಸಿ ಹೇಳುವವರು ಕಡಿಮೆ. ಅಪ್ಪ ಅಮ್ಮ ಓದಿದ್ದು ಅಂಕ, ಹಾಜರಿಯ ಲೆಕ್ಕದಲ್ಲಿ. ಇಲ್ಲಿರುವುದು ಕ್ರೆಡಿಟ್, ಅಂದರೆ ಪ್ರತಿ ಕೋರ್ಸಿಗೆ ಕೊಟ್ಟಿರುವ ತೂಕದ ಲೆಕ್ಕ.

ಸ್ಯಾಪ್ ನೋಡುವುದು ಮೂರು ಸಂಗತಿ. ಮೊದಲನೆಯದು ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ (ಎ ಗೆ 4, ಬಿ ಗೆ 3, ಸಿ ಗೆ 2). ಎರಡು ವರ್ಷದ ಓದು ಮುಗಿಯುವ ಹೊತ್ತಿಗೆ ಸಿ ಸರಾಸರಿ ಇರಬೇಕು, ಇಲ್ಲವೇ ಆ ಕಾಲೇಜಿನಲ್ಲಿ ಪದವಿ ಪಡೆಯಲು ಬೇಕಾದ ಮಟ್ಟಕ್ಕೆ ಹೊಂದುವಂತಿರಬೇಕು ಎನ್ನುತ್ತದೆ ಫೆಡರಲ್ ನಿಯಮ. ಎಷ್ಟೋ ಕಾಲೇಜುಗಳು ಮೊದಲಿನಿಂದಲೇ 2.0 ಕೇಳುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಭಾಗ, ಹೆಚ್ಚು ಹೇಳುವುದಿಲ್ಲ.

ಎರಡನೆಯದು ಪೇಸ್, ಅಂದರೆ ಓದಿನ ವೇಗ. ಸಿಕ್ಕಿಬೀಳುವುದು ಇಲ್ಲೇ. ಈವರೆಗೆ ತೆಗೆದುಕೊಂಡ ಒಟ್ಟು ಕ್ರೆಡಿಟ್‌ಗಳಲ್ಲಿ ಪಾಸಾದವು ಎಷ್ಟು ಭಾಗ ಎಂದು ನೋಡುತ್ತಾರೆ. ಸಾಮಾನ್ಯವಾಗಿ ಮೂರರಲ್ಲಿ ಎರಡು ಭಾಗ, ಸುಮಾರು 67 ಶೇಕಡ ಬೇಕು.

ಒಂದು ಲೆಕ್ಕ ಹಾಕೋಣ. ಮೊದಲ ಸೆಮಿಸ್ಟರ್‌ನಲ್ಲಿ 15 ಕ್ರೆಡಿಟ್ ತೆಗೆದುಕೊಂಡು, 3 ಕ್ರೆಡಿಟ್‌ನ ಒಂದು ಕೋರ್ಸ್ ನಡುವೆ ಬಿಟ್ಟು ಡಬ್ಲ್ಯು (ವಿತ್‌ಡ್ರಾ ಎಂಬ ಗುರುತು) ಹಾಕಿಸಿಕೊಂಡಿರಿ; 12 ಪಾಸು. ಎರಡನೆಯದರಲ್ಲೂ 15, 4 ಕ್ರೆಡಿಟ್‌ನ ಕೆಮಿಸ್ಟ್ರಿ ಫೇಲು, 4 ಕ್ರೆಡಿಟ್‌ನ ಕ್ಯಾಲ್ಕುಲಸ್‌ಗೆ ಡಬ್ಲ್ಯು, 7 ಪಾಸು. ಪಾಸಾದವೆಲ್ಲ ಬಿ ಎಂದುಕೊಂಡರೆ ಜಿಪಿಎ ಸುಮಾರು 2.48, ಭಯವಿಲ್ಲ. ಆದರೆ ಪೇಸ್ 30ಕ್ಕೆ 19, ಅಂದರೆ 63 ಶೇಕಡ. ಸ್ಯಾಪ್ ತಪ್ಪಿತು!

ಡಬ್ಲ್ಯು ಜಿಪಿಎಯನ್ನು ಮುಟ್ಟುವುದಿಲ್ಲ, ಅದಕ್ಕೇ ಅದು ನಿರಪಾಯಕಾರಿ ಎಂದು ಸೀನಿಯರ್‌ಗಳು ಹೇಳಿಕೊಡುತ್ತಾರೆ. ಪೇಸ್ ಲೆಕ್ಕದಲ್ಲಿ ಡಬ್ಲ್ಯುಗೂ ಫೇಲಿಗೂ ವ್ಯತ್ಯಾಸವೇ ಇಲ್ಲ: ತೆಗೆದುಕೊಂಡ ಸಾಲಿಗೆ ಸೇರುತ್ತದೆ, ಪಾಸಾದ ಸಾಲಿಗೆ ಸೇರುವುದಿಲ್ಲ. ಸೆಮಿಸ್ಟರ್ ಆರಂಭದಲ್ಲಿ ಕೋರ್ಸ್ ಸೇರಿಸಲು, ಬಿಡಲು ಇರುವ ಆಡ್-ಡ್ರಾಪ್ ಅವಧಿಯೊಳಗೆ ಬಿಟ್ಟರೆ ಮಾತ್ರ ಲೆಕ್ಕಕ್ಕೇ ಬರುವುದಿಲ್ಲ. ಆ ಕೊನೆಯ ದಿನಾಂಕವನ್ನು ಪರೀಕ್ಷೆಯ ದಿನಾಂಕದಷ್ಟೇ ಜೋಪಾನವಾಗಿ ನೆನಪಿಡಿ. ಇನ್‌ಕಂಪ್ಲೀಟ್ ಎಂದು ಉಳಿದ ಕೋರ್ಸೂ ಮುಗಿಸುವವರೆಗೆ ಪಾಸಲ್ಲ.

ಮೂರನೆಯದು ಗರಿಷ್ಠ ಅವಧಿ: ಪದವಿಗೆ ನಿಗದಿಯಾದುದರ 150 ಶೇಕಡ. 120 ಕ್ರೆಡಿಟ್‌ನ ಡಿಗ್ರಿಗೆ 180. ಮೇಲಿನ ಮೂರರಲ್ಲಿ ಎರಡು ಭಾಗ ಬಂದದ್ದೂ ಇದರಿಂದಲೇ, 180ಕ್ಕೆ 120. ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಬದಲಾಯಿಸುವವರು ಇದನ್ನು ಗಮನಿಸಲೇಬೇಕು. 130 ತೆಗೆದುಕೊಂಡು 115 ಪಾಸಾಗಿ, ಪೇಸ್ ಚೆನ್ನಾಗಿದ್ದರೂ, ಹೊಸ ಮೇಜರ್‌ಗೆ ಇನ್ನೂ 55 ಬೇಕೆಂದರೆ ಒಟ್ಟು 185 ಆಗುತ್ತದೆ. 180 ದಾಟುವವರೆಗೆ ಯಾರೂ ಕಾಯುವುದಿಲ್ಲ. ಅಷ್ಟರೊಳಗೆ ಮುಗಿಸಲಾಗದು ಎಂದು ಲೆಕ್ಕದಲ್ಲಿ ಕಂಡ ದಿನವೇ ಅರ್ಹತೆ ಹೋಗುತ್ತದೆ. ಹಳೆಯ ಮೇಜರ್‌ನ ಕ್ರೆಡಿಟ್‌ಗಳನ್ನು ಕೆಲವು ಕಾಲೇಜುಗಳು ಈ ಲೆಕ್ಕದಿಂದ ಕೈಬಿಡುತ್ತವೆ, ಕೇಳಿ ನೋಡಿ.

ತಪ್ಪಿದರೆ ಏನು? ಪ್ರತಿ ಸೆಮಿಸ್ಟರ್ ಪರಿಶೀಲಿಸುವ ಕಾಲೇಜು ಒಂದು ಸೆಮಿಸ್ಟರ್ ವಾರ್ನಿಂಗ್ ಕೊಡಬಹುದು, ಆಗ ಹಣ ಬರುತ್ತಲೇ ಇರುತ್ತದೆ. ವರ್ಷಕ್ಕೊಮ್ಮೆ ನೋಡುವ ಕಾಲೇಜಿನಲ್ಲಿ ಈ ಅವಕಾಶವಿಲ್ಲ, ನೇರವಾಗಿ ನಿಲ್ಲುತ್ತದೆ. ಆಮೇಲೆ ಉಳಿಯುವುದು ಅಪೀಲ್ (ಮೇಲ್ಮನವಿ), ಅದೂ ಕಾಲೇಜು ಅದಕ್ಕೆ ಅವಕಾಶ ಇಟ್ಟಿದ್ದರೆ.

ಅಪೀಲ್ ಪತ್ರದಲ್ಲಿ ಎರಡು ಪ್ರಶ್ನೆಗೆ ಉತ್ತರ ಬೇಕು. ಏಕೆ ತಪ್ಪಿತು: ಬಂಧುಗಳ ಸಾವು, ಕಾಯಿಲೆ, ಪೆಟ್ಟು ಅಥವಾ ಇನ್ನಾವುದಾದರೂ ವಿಶೇಷ ಸಂದರ್ಭ. ಈಗ ಏನು ಬದಲಾಗಿದೆ, ಮುಂದಿನ ಪರಿಶೀಲನೆಯ ಹೊತ್ತಿಗೆ ಹೇಗೆ ಸರಿಹೋಗುತ್ತೀರಿ. ಕಷ್ಟವನ್ನು ಎರಡು ಪುಟ ಬರೆದು ಎರಡನೆಯದಕ್ಕೆ ‘ಚೆನ್ನಾಗಿ ಓದುತ್ತೇನೆ’ ಎಂದಷ್ಟೇ ಬರೆದರೆ ಸಾಲದು. ಕೆಲಸದ ಗಂಟೆ ಕಡಿಮೆಯಾಯಿತೇ, ಚಿಕಿತ್ಸೆ ಮುಗಿಯಿತೇ, ಟ್ಯೂಟರಿಂಗ್‌ಗೆ ಹೆಸರು ಕೊಟ್ಟಿರೇ, ಅದನ್ನೇ ದಾಖಲೆ ಸಹಿತ ಬರೆಯಿರಿ. ಲೆಕ್ಕವನ್ನೂ ಸೇರಿಸಿ: ಮೇಲಿನ ಉದಾಹರಣೆಯವರು ಮುಂದಿನ 15 ಕ್ರೆಡಿಟ್ ಪೂರ್ತಿ ಪಾಸಾದರೆ 45ಕ್ಕೆ 34, ಅಂದರೆ 75 ಶೇಕಡ ದಾಟುತ್ತದೆ. ಒಪ್ಪಿಗೆಯಾದರೆ ಒಂದು ಸೆಮಿಸ್ಟರ್ ಪ್ರೊಬೇಷನ್, ಅಂದರೆ ಹಣ ಮತ್ತೆ ಸಿಗುವ ಪರೀಕ್ಷಾ ಅವಧಿ. ಅಷ್ಟರಲ್ಲಿ ಸರಿಹೋಗದಷ್ಟು ಹಿಂದಿದ್ದರೆ ಅಡ್ವೈಸರ್ ಜೊತೆ ಕೂತು ಅಕಾಡೆಮಿಕ್ ಪ್ಲಾನ್ ಮಾಡಿಸಿಕೊಳ್ಳಬೇಕು.

ಸ್ವಂತ ದುಡ್ಡು ಕಟ್ಟಿ ಓದಿದ ಸೆಮಿಸ್ಟರ್ ಕೂಡ ಸ್ಯಾಪ್ ಲೆಕ್ಕಕ್ಕೆ ಸೇರುತ್ತದೆ. ಬೇರೆ ಕಾಲೇಜಿನಿಂದ ಬಂದು ಇಲ್ಲಿ ಒಪ್ಪಿಕೊಂಡ ಕ್ರೆಡಿಟ್‌ಗಳು ಎರಡೂ ಸಾಲಿಗೆ, ತೆಗೆದುಕೊಂಡದ್ದಕ್ಕೂ ಪಾಸಾದದ್ದಕ್ಕೂ, ಸೇರುತ್ತವೆ. ಹಾಗಾಗಿ ಪೇಸ್ ಕುಸಿದವರಿಗೆ ಅವು ಕೈಹಿಡಿಯುತ್ತವೆ.